ಹಳೆಯ ಎಂಜಿಬಿ ರೋಡ್‌ಸ್ಟರ್ ಕೊಳ್ಳುವ ಮುನ್ನ: ಯಾವ ಕಾರು ದುರಸ್ತಿಗೆ ಯೋಗ್ಯ, ಯಾವುದನ್ನು ಬಿಟ್ಟುಬಿಡಬೇಕು

ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ನೆಲೆಸಿರುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುತ್ತಾರೆ. ಟಾಪ್ ಮಡಚಬಹುದಾದ ಹಳೆಯ ಎಂಜಿಬಿ ಕಾರೊಂದು ಮಾರಾಟಕ್ಕಿದೆ, ಬೆಲೆ ಕೈಗೆಟುಕುವಂತಿದೆ, ಇಂಜಿನ್ ಸ್ಟಾರ್ಟ್ ಆಗುತ್ತದೆ, ಅಲ್ಲಲ್ಲಿ ಸ್ವಲ್ಪ ತುಕ್ಕು ಇದೆಯಂತೆ; ಕೊಂಡು ದುರಸ್ತಿ ಮಾಡಿಸಬಹುದೇ? ಕಾರನ್ನು ಕಣ್ಣಾರೆ ನೋಡದೆ ಈ ಪ್ರಶ್ನೆಗೆ ಯಾರೂ ಹೌದು, ಅಲ್ಲ ಎಂದು ಹೇಳಲಾರರು. ಆದರೆ ಯಾವ ಕ್ರಮದಲ್ಲಿ ನೋಡಬೇಕು, ಯಾವ ದೋಷಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಖಂಡಿತವಾಗಿ ಹೇಳಬಹುದು.

ಎಂಜಿಬಿ ಕಾರು ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಹೆಚ್ಚಿನವು ಬಟ್ಟೆಯ ಛಾವಣಿಯ ರೋಡ್‌ಸ್ಟರ್‌ಗಳು, ಅವುಗಳಲ್ಲೂ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರಣ ಇಂದಿಗೂ ಬೋಲ್ಟಿನಿಂದ ಹಿಡಿದು ಇಡೀ ಬಾಡಿಯವರೆಗೆ ಹೊಸ ಬಿಡಿಭಾಗಗಳು ಸಿಗುತ್ತವೆ. ಹಾಗಾಗಿ ಈ ಕಾರಿನ ವಿಷಯದಲ್ಲಿ ‘ಪಾರ್ಟ್ ಸಿಗುತ್ತದೆಯೇ’ ಎನ್ನುವುದು ಮುಖ್ಯ ಪ್ರಶ್ನೆಯಲ್ಲ. ತಗಡು ಕತ್ತರಿಸಿ ವೆಲ್ಡಿಂಗ್ ಮಾಡುವ ಕೆಲಸ ಎಷ್ಟಿದೆ ಎನ್ನುವುದೇ ಮುಖ್ಯ ಪ್ರಶ್ನೆ, ಏಕೆಂದರೆ ದುರಸ್ತಿಯ ಹಣದಲ್ಲಿ ಬಹುಪಾಲು ಹೋಗುವುದು ಅಲ್ಲಿಗೆ. ಇಂಜಿನ್ ಕೆಟ್ಟಿದ್ದರೂ ಬಾಡಿ ಗಟ್ಟಿಯಾಗಿರುವ ಕಾರನ್ನು ಧೈರ್ಯವಾಗಿ ಕೊಳ್ಳಿರಿ. ಇಂಜಿನ್ ಸೊಗಸಾಗಿ ಓಡುತ್ತಿದ್ದು ಬಾಡಿ ಕೊಳೆತಿರುವ ಕಾರನ್ನು ಕೊಳ್ಳಬೇಡಿ. ಮುಂದಿನ ಎಲ್ಲ ಹಂತಗಳೂ ಈ ಮಾತಿನ ವಿವರಣೆಯೇ.

1. ಯಾವ ಕಾಲದ ಕಾರು ಎಂದು ಮೊದಲು ತಿಳಿಯಿರಿ

ಹದಿನೆಂಟು ವರ್ಷಗಳಲ್ಲಿ ಕಾರು ಹಲವು ಬಾರಿ ಬದಲಾಯಿತು. ಎಲ್ಲ ರೋಡ್‌ಸ್ಟರ್‌ಗಳಲ್ಲೂ 1798 ಸಿಸಿಯ ನಾಲ್ಕು ಸಿಲಿಂಡರಿನ ‘ಬಿ ಸೀರೀಸ್’ ಇಂಜಿನ್ ಇರುತ್ತದೆ. 1964ರ ಕೊನೆಯವರೆಗಿನ ಇಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟನ್ನು, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವನ್ನು, ಮೂರು ಬೇರಿಂಗ್‌ಗಳು ಹೊರುತ್ತವೆ, ಅನಂತರದವುಗಳಲ್ಲಿ ಐದು. ಐದು ಬೇರಿಂಗಿನ ಇಂಜಿನ್ ಹೆಚ್ಚು ಗಟ್ಟಿಮುಟ್ಟು. 1967ರ ಕೊನೆಯಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ನಾಲ್ಕೂ ಗೇರುಗಳಿಗೆ ಸಿಂಕ್ರೊಮೆಷ್ ಬಂದಿತು, ಅಂದರೆ ಕಾರು ಚಲಿಸುತ್ತಿರುವಾಗಲೂ ಮೊದಲ ಗೇರನ್ನು ಸದ್ದಿಲ್ಲದೆ ಹಾಕಬಹುದಾಯಿತು. ಬ್ಯಾಟರಿ ಚಾರ್ಜ್ ಮಾಡಲು ಡೈನಮೊ ಹೋಗಿ ಆಲ್ಟರ್ನೇಟರ್ ಬಂದದ್ದೂ ಆಗಲೇ. 1974ರ ಕೊನೆಯಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಕ್ರೋಮ್ ಬಂಪರ್ ತೆಗೆದು ದಪ್ಪನೆಯ ಕಪ್ಪು ಬಂಪರ್ ಹಾಕಿ ಕಾರನ್ನು ನೆಲದಿಂದ ಎತ್ತರಿಸಿದರು. ಅಮೆರಿಕದ ಕಾರುಗಳಲ್ಲಿ ಎರಡು ಕಾರ್ಬ್ಯುರೇಟರಿನ ಬದಲು ಒಂದೇ ಉಳಿದು ಶಕ್ತಿಯೂ ಕುಗ್ಗಿತು.

ಕ್ರೋಮ್ ಬಂಪರಿನ ಕಾರಿಗೆ ಬೆಲೆ ಹೆಚ್ಚು, ಕಪ್ಪು ಬಂಪರಿನದಕ್ಕೆ ಕಡಿಮೆ. ಆದರೆ ಎರಡರ ದುರಸ್ತಿ ವೆಚ್ಚವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕೊಳೆತ ಕಪ್ಪು ಬಂಪರಿನ ಕಾರನ್ನು ಅಗ್ಗವೆಂದು ಕೊಳ್ಳುವುದು ಅತ್ಯಂತ ನಷ್ಟದ ವ್ಯವಹಾರ. ಅದೇ ಕಾರಣಕ್ಕೆ, ಬಾಡಿ ಗಟ್ಟಿಯಾಗಿರುವ ಕಪ್ಪು ಬಂಪರಿನ ಕಾರು ಮೊದಲ ಬಾರಿ ಕೊಳ್ಳುವವರಿಗೆ ಬಹಳ ಒಳ್ಳೆಯ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

2. ನೋಡಲು ಹೋಗುವಾಗಿನ ಸಿದ್ಧತೆ

ಟಾರ್ಚ್, ಹಳೆಯ ಬಟ್ಟೆ, ನೆಲದ ಮೇಲೆ ಹಾಸಲು ರಟ್ಟು, ಸಾಧಾರಣ ಶಕ್ತಿಯ ಅಯಸ್ಕಾಂತ, ಸ್ಕ್ರೂಡ್ರೈವರ್, ಟಿಪ್ಪಣಿ ಪುಸ್ತಕ ಮತ್ತು ಜೊತೆಗೊಬ್ಬ ಸ್ನೇಹಿತ ಇಷ್ಟು ಸಾಕು. ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿಕೊಂಡರೆ ಬಣ್ಣ ಗೀಚುವುದಿಲ್ಲ. ತೀರಾ ಬಲವಾದ ಅಯಸ್ಕಾಂತ ಪುಟ್ಟಿಯ ಮೇಲೂ ಅಂಟಿಕೊಂಡು ಮೋಸ ಮಾಡುತ್ತದೆ. ಪುಟ್ಟಿ ಎಂದರೆ ತಗ್ಗು, ತೂತುಗಳನ್ನು ಮುಚ್ಚಿ ಮೇಲೆ ಬಣ್ಣ ಹೊಡೆಯಲು ಬಳಸುವ ಮೆತ್ತುವ ವಸ್ತು. 1960ರ ದಶಕದ ಕಾರುಗಳ ಬಾನೆಟ್ ಅಲ್ಯೂಮಿನಿಯಮ್‌ನದು, ಅಲ್ಲಿ ಅಯಸ್ಕಾಂತ ಹಿಡಿಯದಿದ್ದರೆ ಗಾಬರಿಯಾಗಬೇಕಿಲ್ಲ.

ಮಾರುವವರಿಗೆ ಮೊದಲೇ ಎರಡು ಮಾತು ಹೇಳಿರಿ: ನಾವು ಬರುವವರೆಗೆ ಇಂಜಿನ್ ಚಾಲೂ ಮಾಡಬೇಡಿ, ಕಾರನ್ನು ತೊಳೆಯಬೇಡಿ. ಮಳೆಯಲ್ಲಿ ನೆನೆದ ಕಾರು ಎಷ್ಟು ಹಳೆಯದಾದರೂ ಹೊಳೆಯುತ್ತದೆ, ಬಣ್ಣದ ಅಡಿಯ ಉಬ್ಬು ಕಾಣುವುದಿಲ್ಲ. ಹಗಲಿನಲ್ಲಿ, ಒಣಗಿದ ಕಾರನ್ನೇ ನೋಡಿರಿ.

3. ಬಾಗಿಲಿನ ಸಂದು ಮತ್ತು ಸಿಲ್

ಹೆಚ್ಚಿನ ಸಮಯವನ್ನು ಈ ಹಂತಕ್ಕೆ ಕೊಡಿರಿ. ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಯ ಚೌಕಟ್ಟು, ಇಲ್ಲ; ತಗಡಿನ ಒಡಲೇ ಇಡೀ ಭಾರವನ್ನು ಹೊರುತ್ತದೆ. ಸಾಮಾನ್ಯ ಕಾರಿನಲ್ಲಿ ಈ ಹೊರೆಯ ಒಂದು ಪಾಲು ಛಾವಣಿಗೆ ಹೋಗುತ್ತದೆ. ಮುಚ್ಚಳ ಕತ್ತರಿಸಿದ ರಟ್ಟಿನ ಪೆಟ್ಟಿಗೆ ಹೇಗೆ ಸುಲಭವಾಗಿ ತಿರುಚಿಕೊಳ್ಳುತ್ತದೆಯೋ ಹಾಗೆ, ಛಾವಣಿಯಿಲ್ಲದ ಕಾರು ತನ್ನ ನೇರವನ್ನು ಉಳಿಸಿಕೊಳ್ಳಲು ಬೇರೆ ಆಧಾರ ಬೇಕು. ಆ ಆಧಾರವೇ ಸಿಲ್: ಬಾಗಿಲಿನ ಕೆಳಗೆ, ಮುಂದಿನ ಚಕ್ರದ ಹಿಂಬದಿಯಿಂದ ಹಿಂದಿನ ಚಕ್ರದ ಮುಂಬದಿಯವರೆಗೆ ಎರಡೂ ಪಕ್ಕದಲ್ಲಿ ಹಾಯುವ ಪೊಳ್ಳು ಉಕ್ಕಿನ ತೊಲೆ. ಹೊರಗೆ ಕಾಣುವುದು ಅದರ ಹೊರ ತಗಡು ಮಾತ್ರ. ಒಳಗೆ ನಿಂತ ಗೋಡೆಯಂತೆ ಇನ್ನೊಂದು ತಗಡು, ಅದರಾಚೆ ಒಳಸಿಲ್, ಕೆಳಗೆ ಇವನ್ನೆಲ್ಲ ಹಿಡಿದಿಡುವ ಪಟ್ಟಿ ಇರುತ್ತವೆ. ಈ ಪೊಳ್ಳಿನೊಳಗೆ ಸೇರಿದ ನೀರು, ಕೆಸರು ಮತ್ತು ಬ್ರಿಟನ್ನಿನ ಚಳಿಗಾಲದ ರಸ್ತೆಗಳಿಗೆ ಹಾಕುವ ಉಪ್ಪು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತವೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಬಹುಮಟ್ಟಿಗೆ ಹೋಗಿರುತ್ತದೆ.

ಪರೀಕ್ಷೆ ಹೀಗೆ ಮಾಡಿರಿ. ಕಾರಿನಿಂದ ಕೆಲವು ಹೆಜ್ಜೆ ದೂರ ನಿಂತು, ಮುಚ್ಚಿದ ಬಾಗಿಲಿಗೂ ಅದರ ಮುಂದಿನ, ಹಿಂದಿನ ತಗಡಿಗೂ ನಡುವಿನ ಸಂದನ್ನು ನೋಡಿರಿ. ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದು ಅರ್ಥ. ಬಾಗಿಲು ತೆರೆದು ಮುಚ್ಚಿರಿ. ಎತ್ತಿ ಮುಚ್ಚಬೇಕಾದರೆ ಅದು ಹಿಂಜಿನ ಸವೆತವೂ ಇರಬಹುದು, ಆದ್ದರಿಂದ ತೆರೆದ ಬಾಗಿಲಿನ ತುದಿಯನ್ನು ಮೇಲೆತ್ತಿ ಹಿಂಜು ಅಲುಗುತ್ತದೆಯೇ ನೋಡಿಕೊಳ್ಳಿರಿ. ಅನಂತರ ನೀವಿಬ್ಬರೂ ಒಳಗೆ ಕುಳಿತು ಮತ್ತೆ ಬಾಗಿಲು ತೆರೆದು ಮುಚ್ಚಿರಿ. ಖಾಲಿ ಕಾರಿನಲ್ಲಿ ಸರಾಗವಾಗಿದ್ದ ಬಾಗಿಲು ಇಬ್ಬರು ಕುಳಿತಾಗ ಬಿಗಿಯಾದರೆ ಸಿಲ್‌ಗಳು ಭಾರ ಹೊರುತ್ತಿಲ್ಲ. ಕೊನೆಗೆ, ಮಾರುವವರ ಒಪ್ಪಿಗೆ ಪಡೆದು ಕಾರನ್ನು ಅದರ ಜಾಕ್ ಪಾಯಿಂಟ್‌ನಲ್ಲಿ, ಅಂದರೆ ಜಾಕ್ ಕೊಡಲೆಂದೇ ಮಾಡಿರುವ ಜಾಗದಲ್ಲಿ, ನಿಧಾನವಾಗಿ ಎತ್ತಿಸಿ ಸಂದಿನ ಅಗಲ ಬದಲಾಗುತ್ತದೆಯೇ ಗಮನಿಸಿರಿ. ಎತ್ತುವಾಗ ತಗಡು ಕರಕರ ಎಂದರೆ ಅಲ್ಲಿಗೇ ನಿಲ್ಲಿಸಿರಿ. ಜಾಕ್ ಪಾಯಿಂಟ್ ಬೇಡ, ಬೇರೆ ಕಡೆ ಎತ್ತೋಣ ಎಂದು ಮಾರುವವರು ಒತ್ತಾಯಿಸಿದರೆ ಉತ್ತರ ಸಿಕ್ಕಂತೆಯೇ. ಜಾಕ್ ಒಂದರ ಮೇಲೆ ನಿಂತ ಕಾರಿನಡಿಗೆ ಎಂದಿಗೂ ಹೋಗಬೇಡಿ. ಸ್ಟ್ಯಾಂಡ್ ಇಟ್ಟ ಮೇಲೆಯೇ ಹೋಗಿರಿ.

ಹೊಸದಾಗಿ ಸಿಲ್ ಹಾಕಿಸಿದೆ ಎಂದು ಹೇಳಿದರೆ ಅಲ್ಲಿಗೇ ಸಮಾಧಾನಪಡಬೇಡಿ. ಹೊರಸಿಲ್ ಮುಂದಿನ ಮಡ್‌ಗಾರ್ಡಿನ ಒಳಭಾಗಕ್ಕೂ ಹಿಂದಿನ ಮಡ್‌ಗಾರ್ಡಿನ ಒಳಭಾಗಕ್ಕೂ ಹಾದುಹೋಗುತ್ತದೆ. ಆದ್ದರಿಂದ ಸರಿಯಾಗಿ ಬದಲಿಸಬೇಕಾದರೆ ಬೋಲ್ಟಿನಲ್ಲಿ ಕೂತಿರುವ ಮುಂದಿನ ಮಡ್‌ಗಾರ್ಡ್ ಬಿಚ್ಚಬೇಕು, ಹಿಂದಿನದರ ಕೆಳಭಾಗವನ್ನು ಕತ್ತರಿಸಿ ಮತ್ತೆ ಬೆಸೆಯಬೇಕು, ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಕೊಟ್ಟು ಬಾಡಿ ಅಲುಗದಂತೆ ಹಿಡಿಯಬೇಕು. ಇದನ್ನೆಲ್ಲ ಮಾಡದೆ ಕೊಳೆತ ಸಿಲ್ಲಿನ ಮೇಲೆಯೇ ಹೊಸ ತಗಡಿನ ಹೊದಿಕೆ ಬೆಸೆದು ಬಣ್ಣ ಹೊಡೆಯುವವರು ಬಹಳ ಮಂದಿ. ಮಡ್‌ಗಾರ್ಡಿನ ಕೆಳತುದಿ ಸಿಲ್ ಜೊತೆ ಕೂಡುವಲ್ಲಿ ಸ್ಪಷ್ಟವಾದ ಜೋಡಣೆಯ ಗೆರೆ ಕಾಣಬೇಕು. ಅಲ್ಲಿ ಎಲ್ಲವೂ ನುಣ್ಣಗೆ ಒಂದಾಗಿದ್ದರೆ ಪುಟ್ಟಿ ತುಂಬಿದ್ದಾರೆ. ಕೆಳಗಿನ ಪಟ್ಟಿಯಲ್ಲಿ ನೀರು ಹೊರಹೋಗುವ ಕಿಂಡಿಗಳು ತೆರೆದಿರಬೇಕು. ದಪ್ಪನೆಯ ಕಪ್ಪು ಲೇಪನದಲ್ಲಿ ಅವು ಮುಚ್ಚಿಹೋಗಿದ್ದರೆ ಆ ಲೇಪನವನ್ನು ಅನುಮಾನದಿಂದಲೇ ನೋಡಿರಿ. ಸಿಲ್ಲಿನ ಮೇಲೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಮುಚ್ಚಿಗೆ ಇದ್ದರೆ ಅದರಡಿಯಲ್ಲಿ ಏನಿದೆ ಎಂದು ತೋರಿಸುವಂತೆ ಕೇಳಿರಿ. ಕೆಲಸ ನಡೆಯುವಾಗ ತೆಗೆದ ಫೋಟೋಗಳಿದ್ದರೆ ಅವಕ್ಕಿಂತ ಉತ್ತಮ ಸಾಕ್ಷಿ ಬೇರೆಯಿಲ್ಲ.

4. ತುಕ್ಕು ಅಡಗುವ ಬೇರೆ ಜಾಗಗಳು

ಸಿಲ್ ಗಟ್ಟಿಯಿದೆ ಎಂದು ತೋರಿದ ಮೇಲೆ ಮಾತ್ರ ಮುಂದಕ್ಕೆ ಹೋಗಿರಿ. ಹಿಂದಿನ ಆಕ್ಸಲನ್ನು ಹಿಡಿದಿರುವ ಪಟ್ಟಿ ಸ್ಪ್ರಿಂಗಿನ ಮುಂತುದಿ ಬಾಡಿಗೆ ಕೂಡುವ ಜಾಗವನ್ನು ಟಾರ್ಚ್ ಹಾಕಿ ನೋಡಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿರಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ದಬ್ ಎನ್ನುತ್ತದೆ. ಈ ಜಾಗ ಕೊಳೆತಿದ್ದರೆ ಓಡಿಸುವುದೇ ಅಪಾಯ, ದುರಸ್ತಿಯೂ ಸುಲಭವಲ್ಲ. ಸೀಟುಗಳ ಹಿಂದೆ ನೆಲದಡಿಯಲ್ಲಿ ಬ್ಯಾಟರಿ ಪೆಟ್ಟಿಗೆಗಳಿವೆ. 1974ರವರೆಗೆ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದವು, ಅನಂತರ 12 ವೋಲ್ಟಿನ ಒಂದೇ. ಆಸಿಡ್ ಚೆಲ್ಲಿ ಪೆಟ್ಟಿಗೆ ತೂತಾಗಿರುವುದು ಸಾಮಾನ್ಯ. ಇದು ದೊಡ್ಡ ದೋಷವಲ್ಲ, ಆದರೆ ತುಕ್ಕು ಪಕ್ಕಕ್ಕೆ ಹರಡಿದೆಯೇ ನೋಡಬೇಕು.

ಮುಂದಿನ ಚಕ್ರದ ಹಿಂಬದಿಯಲ್ಲಿ, ಮಡ್‌ಗಾರ್ಡಿನೊಳಗೆ ಮೇಲ್ಗಡೆ ಕೆಸರು ಕಟ್ಟಿಕೊಂಡು ಇಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ಅಡ್ಡಗೋಡೆಯ ಬದಿಗಳನ್ನು ತಿನ್ನುತ್ತದೆ. ಹೊರಗಿನಿಂದ ಇದು ಕಾಣದು. ಬಾಗಿಲಿನ ಹಿಂಜಿನ ಹತ್ತಿರ, ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ನೋಡಬೇಕು. ಡಿಕ್ಕಿಯ ನೆಲವನ್ನೂ ಹೀಗೆಯೇ ನೋಡಿರಿ. ಅದರ ಕೆಳಗಿರುವ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯಲ್ಲಿ ನೀರು ನಿಂತು ಸಣ್ಣ ತೂತುಗಳಾಗುತ್ತವೆ, ಟ್ಯಾಂಕ್ ತುಂಬಿಸಿದಾಗ ಮಾತ್ರ ವಾಸನೆ ಬರುತ್ತದೆ. ಹೊಸ ಟ್ಯಾಂಕ್ ಅಷ್ಟೇನೂ ದುಬಾರಿಯಲ್ಲ. ಬಾಗಿಲಿನ ಮೇಲಂಚಿನಲ್ಲಿ, ಮುಂದಿನ ತ್ರಿಕೋನ ಗಾಜಿನ ಬುಡದಲ್ಲಿ ತಗಡು ಬಿರುಕು ಬಿಡುವುದು ಈ ಕಾರಿನ ಹುಟ್ಟುಗುಣ. ಬೆಲೆ ಇಳಿಸಲು ಅದನ್ನು ಬಳಸಿರಿ, ಕಾರು ಬಿಡಲು ಅಲ್ಲ.

ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಹೊಸ ಬಾಡಿಯನ್ನೇ ತಯಾರಿಸಿ ಮಾರುತ್ತಿದೆ. ಅಂಥ ಬಾಡಿ ಹಾಕಿದ ಕಾರು ರಸೀದಿ ಸಮೇತ ಸಿಕ್ಕರೆ ಅದು ದೋಷವಲ್ಲ, ಗುಣ. ಆದರೆ ‘ಕೊಳೆತಿದ್ದರೇನು, ಹೊಸ ಬಾಡಿ ಹಾಕಿಸಿದರಾಯಿತು’ ಎಂಬ ಲೆಕ್ಕದಲ್ಲಿ ಕೊಳ್ಳುವವರು ಬಾಡಿಯ ಬೆಲೆಗೆ ಬಣ್ಣ, ಜೋಡಣೆ, ವೈರಿಂಗ್, ರಬ್ಬರ್ ಪಟ್ಟಿಗಳ ಖರ್ಚನ್ನೂ ಸೇರಿಸಿಕೊಂಡು ನೋಡಬೇಕು.

5. ಟಾಪ್ ಮತ್ತು ಒಳಭಾಗ

ಬಟ್ಟೆ ಹರಿದಿರುವುದು ಚಿಂತೆಯ ವಿಷಯವಲ್ಲ, ಹೊಸದು ಸುಲಭವಾಗಿ ಸಿಗುತ್ತದೆ. ಅದನ್ನು ಹಿಡಿಯುವ ಕಬ್ಬಿಣದ ಚೌಕಟ್ಟು ಪೂರ್ತಿಯಾಗಿದೆಯೇ, ಬಾಗಿದೆಯೇ ಎಂದು ಒಮ್ಮೆ ಪೂರ್ಣ ಏರಿಸಿ ಇಳಿಸಿ ನೋಡಿರಿ. ಟಾಪ್ ಸೋರಿದ ಕಾರಿನಲ್ಲಿ ಕಾರ್ಪೆಟ್ ಒದ್ದೆಯಾಗಿಯೇ ಉಳಿದು ನೆಲದ ತಗಡು ಹೋಗಿರುತ್ತದೆ, ಆದ್ದರಿಂದ ಕಾರ್ಪೆಟ್ ಎತ್ತದೆ ಬರಬೇಡಿ. ಕ್ಯಾಲಿಫೋರ್ನಿಯ, ಅರಿಝೋನದಂಥ ಒಣ ಪ್ರದೇಶದ ಕಾರುಗಳಲ್ಲಿ ಬಿಸಿಲಿಗೆ ಡ್ಯಾಷ್‌ಬೋರ್ಡ್ ಬಿರಿದು ಸೀಟುಗಳು ಪುಡಿಯಾಗಿರುತ್ತವೆ, ಬಾಡಿ ಮಾತ್ರ ಅಪ್ಪಟವಾಗಿರುತ್ತದೆ. ಅಂಥ ಕಾರಿಗೆ ಮೊದಲ ಮಣೆ ಹಾಕಿರಿ.

6. ಇಂಜಿನ್ ಮತ್ತು ಗೇರ್‌ಬಾಕ್ಸ್

ಮುಟ್ಟಿ ನೋಡಿ, ಇಂಜಿನ್ ಆಗಲೇ ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಮುದ್ದೆ ಕಟ್ಟಿದ್ದರೆ ಕಾರು ಬರೀ ಸಣ್ಣ ದೂರ ಓಡಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಪದರ) ಸೋರಿ ನೀರು ಆಯಿಲಿಗೆ ಸೇರುತ್ತಿರಬಹುದು. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪದರವಿದೆಯೇ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಓಡಿಸುವಾಗ ಆಯಿಲ್ ಪ್ರೆಶರ್ ಮೀಟರು 50 ಪಿಎಸ್‌ಐ ಅಥವಾ ಅದಕ್ಕಿಂತ ಹೆಚ್ಚು ತೋರಿಸಬೇಕು. ಐಡ್ಲಿಂಗಿನಲ್ಲಿ 15ರಿಂದ 25 ಇದ್ದರೆ ಒಳ್ಳೆಯದು. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ತುಸು ಆಯಿಲ್ ಜಿನುಗುವುದು ಈ ಇಂಜಿನ್ನಿನ ಸ್ವಭಾವ.

ಹೆಡ್ಡಿನಲ್ಲಿ ಗಟ್ಟಿಗೊಳಿಸಿದ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು, ಅಂದರೆ ಹೊಗೆ ಬಿಡುವ ವಾಲ್ವ್ ಮುಚ್ಚಿಕೊಂಡಾಗ ಕೂರುವ ಉಂಗುರಗಳನ್ನು, ಹಾಕಿಸಿದ್ದಾರೆಯೇ ಎಂದು ಕೇಳಿರಿ. ಸೀಸ ಬೆರೆತ ಪೆಟ್ರೋಲಿನ ಕಾಲದ ಇಂಜಿನ್ ಇದು. ಸೀಸವಿಲ್ಲದ ಇಂದಿನ ಪೆಟ್ರೋಲಿನಲ್ಲಿ ಹಳೆಯ ಸೀಟುಗಳು ಬೇಗ ಸವೆಯುತ್ತವೆ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಹಾಳಾಗುತ್ತವೆ. ಕೊಂಡ ಕೂಡಲೇ ಅವನ್ನು ಬದಲಿಸಬೇಕು.

ಕ್ಲಚ್ ಜಾರುತ್ತಿದೆಯೇ ಎಂದು ಎಚ್ಚರದಿಂದ ನೋಡಿರಿ, ಏಕೆಂದರೆ ಕ್ಲಚ್ ಪ್ಲೇಟು ಅಗ್ಗವಾದರೂ ಅದನ್ನು ಬದಲಿಸಲು ಇಂಜಿನ್ ಇಳಿಸಲೇಬೇಕು. ಓವರ್‌ಡ್ರೈವ್ ಇದ್ದರೆ ಅದನ್ನೂ ಪರೀಕ್ಷಿಸಿರಿ; ಇದು ಗೇರ್‌ಬಾಕ್ಸಿನ ಹಿಂದೆ ಸೇರಿಸಿದ, ಸ್ವಿಚ್ಚಿನಿಂದ ನಡೆಯುವ ಹೆಚ್ಚುವರಿ ಗೇರು. ನಾಲ್ಕನೇ ಗೇರಿನಲ್ಲಿ ಸ್ವಿಚ್ ಒತ್ತಿದಾಗ ವೇಗ ಅಷ್ಟೇ ಇದ್ದು ಇಂಜಿನ್ನಿನ ಸುತ್ತು ಐದರಲ್ಲಿ ಒಂದು ಪಾಲಿನಷ್ಟು ಇಳಿಯಬೇಕು. ಕೆಲಸ ಮಾಡದಿದ್ದರೆ ಅನೇಕ ವೇಳೆ ಬರೀ ವೈರಿಂಗ್ ದೋಷವಿರುತ್ತದೆ, ಆದರೆ ಅದನ್ನು ನಂಬಿ ಬೆಲೆ ಕೊಡಬೇಡಿ.

7. ಚಕ್ರ, ಸಸ್ಪೆನ್ಷನ್, ಬ್ರೇಕ್, ವೈರಿಂಗ್

ಇವೆಲ್ಲ ಬಿಚ್ಚಿ ಬದಲಿಸಬಹುದಾದವು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಸಡಿಲವಿದ್ದರೆ ಕಿಂಗ್ ಪಿನ್, ಅಂದರೆ ಚಕ್ರ ತಿರುಗುವ ಲಂಬ ಕೀಲು ಸವೆದಿದೆ. ಅದಕ್ಕೆ 3,000 ಮೈಲಿಗೊಮ್ಮೆ ಗ್ರೀಸ್ ಹಾಕಬೇಕು, ಹಾಕುವವರು ಕಡಿಮೆ. ತಂತಿ ಕಡ್ಡಿಯ ಚಕ್ರಗಳಿದ್ದರೆ ಅವು ಹಬ್, ಅಂದರೆ ಚಕ್ರವನ್ನು ಹೊರುವ ನಡುಭಾಗದ ಹಲ್ಲುಗಳ ಮೇಲೆ ಕೂರುತ್ತವೆ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರವನ್ನು ಹಿಂದೆ ಮುಂದೆ ತಿರುಗಿಸಿದಾಗ ಟಕ್ ಎಂದರೆ ಹಲ್ಲು ಸವೆದಿದೆ. ಚಕ್ರ, ಹಬ್ ಎರಡನ್ನೂ ಬದಲಿಸಬೇಕಾದೀತು. ವೈರಿಂಗಿನಲ್ಲಿ ಬಣ್ಣ ಬಣ್ಣದ ಹೊಸ ತುಂಡುಗಳು, ಟೇಪ್ ಸುತ್ತಿದ ಗಂಟುಗಳು ಹೆಚ್ಚಿದ್ದರೆ ಇಡೀ ವೈರಿಂಗ್ ಹೊಸದು ಹಾಕಿಸುವ ಖರ್ಚನ್ನು ಬರೆದುಕೊಳ್ಳಿರಿ.

8. ಕಾಗದಪತ್ರ

ಚಾಸಿ ನಂಬರು ಜಿಎಚ್‌ಎನ್3, ಜಿಎಚ್‌ಎನ್4 ಅಥವಾ ಜಿಎಚ್‌ಎನ್5 ಎಂದು ಆರಂಭವಾದರೆ ಅದು ರೋಡ್‌ಸ್ಟರ್. ಜಿಎಚ್‌ಡಿ ಎಂದಿದ್ದರೆ ಜಿಟಿ. ಪ್ಲೇಟಿನ ಮೇಲಿನ ನಂಬರೂ ದಾಖಲೆಯ ನಂಬರೂ ಅಕ್ಷರಶಃ ಒಂದೇ ಇರಬೇಕು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ಆಧರಿಸಿ, ಶುಲ್ಕ ಪಡೆದು, ಕಾರಿನ ಮೂಲ ಬಣ್ಣ ಮತ್ತು ತಯಾರಾದ ದಿನಾಂಕದ ಪ್ರಮಾಣಪತ್ರ ಕೊಡುತ್ತದೆ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ಎಂಒಟಿ, ಅಂದರೆ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆ, ಕಡ್ಡಾಯವಲ್ಲ. ಹೀಗಾಗಿ ವರ್ಷಗಟ್ಟಲೆ ಯಾರೂ ಅಡಿ ನೋಡದ ಕಾರುಗಳು ಮಾರಾಟಕ್ಕೆ ಬರುತ್ತಿವೆ. ಹಳೆಯ ಎಂಒಟಿ ಇತಿಹಾಸ ಸರ್ಕಾರಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ; ಅದರಲ್ಲಿ ತುಕ್ಕಿನ ಬಗ್ಗೆ ತಪಾಸಕರು ಬರೆದ ಎಚ್ಚರಿಕೆಗಳನ್ನು ಓದಿಕೊಂಡೇ ಹೊರಡಿರಿ. ನಿಮ್ಮ ಖರ್ಚಿನಲ್ಲೇ ಹೊಸದಾಗಿ ಎಂಒಟಿ ಮಾಡಿಸಲು ಮಾರುವವರು ಒಪ್ಪದಿದ್ದರೆ ಕಾರಣ ಕೇಳಿರಿ. ಅಮೆರಿಕದಲ್ಲಿ, ಟೈಟಲ್ ಎಂಬ ಒಡೆತನದ ಪತ್ರ ಮಾರುವವರ ಹೆಸರಿನಲ್ಲಿಲ್ಲದಿದ್ದರೆ ಹಣ ಕೊಡಬೇಡಿ.

ಕಾರನ್ನು ಕರ್ನಾಟಕಕ್ಕೆ ತರುವ ಆಸೆಯಿರುವವರು ಹಣ ಕೊಡುವ ಮೊದಲೇ ಆಮದು ನಿಯಮ ಮತ್ತು ಸುಂಕವನ್ನು ವಿಚಾರಿಸಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ‘ವಿಎ’ ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ ₹20,000. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

9. ಲೆಕ್ಕ ಹಾಕುವುದು

ಮನೆಗೆ ಬಂದು, ಕಂಡ ದೋಷಗಳನ್ನು ಮೂರು ಪಟ್ಟಿಗಳಾಗಿ ಬರೆಯಿರಿ: ಸುರಕ್ಷತೆಗೆ ಈಗಲೇ ಆಗಬೇಕಾದದ್ದು, ಒಂದು ವರ್ಷದೊಳಗೆ ಆಗಬೇಕಾದದ್ದು, ಅಂದಕ್ಕೆ ಬೇಕಾದದ್ದು. ಮೊದಲ ಎರಡಕ್ಕೆ ಬಿಡಿಭಾಗದ ಬೆಲೆಯನ್ನೂ ಟಿಂಕರಿಂಗ್ ಮತ್ತು ವೆಲ್ಡಿಂಗ್ ಲೇಬರನ್ನೂ ಬೇರೆ ಬೇರೆ ಬರೆದು, ಮೊತ್ತದ ಮೂರನೇ ಒಂದು ಪಾಲನ್ನು ಕಾಣದ ದೋಷಗಳಿಗೆಂದು ಸೇರಿಸಿರಿ. ಇದಕ್ಕೆ ಕಾರಿನ ಬೆಲೆ ಕೂಡಿಸಿ, ಚೆನ್ನಾಗಿ ದುರಸ್ತಿಯಾಗಿರುವ ಅದೇ ಕಾಲದ ಕಾರಿನ ಬೆಲೆಯೊಂದಿಗೆ ಹೋಲಿಸಿರಿ. ಎಂಜಿಬಿಯ ವಿಷಯದಲ್ಲಿ ಹೆಚ್ಚಿನ ಸಲ ದುರಸ್ತಿಯಾದ ಕಾರೇ ಅಗ್ಗ ಎಂದು ಹೊರಬರುತ್ತದೆ. ವೆಲ್ಡಿಂಗ್ ಸ್ವತಃ ಬಲ್ಲವರಿಗೆ, ಕೆಲಸದ ಸಂತೋಷಕ್ಕೇ ಕೊಳ್ಳುವವರಿಗೆ ಈ ಲೆಕ್ಕ ಬೇರೆ. ಆದರೆ ಅವರೂ ಮೊತ್ತವನ್ನು ತಿಳಿದೇ ಕೊಳ್ಳಲಿ.

ಎರಡೂ ಸಿಲ್‌ಗಳ ಜೊತೆ ಸ್ಪ್ರಿಂಗ್ ಕೂಡುವ ಜಾಗವೋ ಅಡ್ಡಗೋಡೆಯೋ ಕೊಳೆತಿದ್ದರೆ, ಅಥವಾ ಕಾಗದಪತ್ರ ಹೊಂದದಿದ್ದರೆ, ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡಿ. ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿಟ್ಟ ಕಾರನ್ನೂ ಮೊದಲ ಬಾರಿ ಕೊಳ್ಳುವವರು ಮುಟ್ಟಬಾರದು. ಏನು ಕಾಣೆಯಾಗಿದೆ ಎಂಬುದು ಜೋಡಿಸುವಾಗಲೇ ತಿಳಿಯುತ್ತದೆ.

ಕೊಂಡದ್ದಾದರೆ, ಎಷ್ಟೇ ಆಸೆಯಾದರೂ ಅದೇ ದಿನ ಓಡಿಸಿಕೊಂಡು ಬರಬೇಡಿ, ಟ್ರೇಲರಿನಲ್ಲಿ ತನ್ನಿರಿ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಹತ್ತು ವರ್ಷ ದಾಟಿದ್ದರೆ ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿದ್ದರೂ ಟೈರು ಬದಲಿಸಿ, ಬ್ರೇಕ್ ಹೋಸು, ಬ್ರೇಕ್ ಆಯಿಲ್ ಮತ್ತು ಪೆಟ್ರೋಲ್ ಪೈಪುಗಳನ್ನು ಹೊಸದು ಹಾಕಿಸಿದ ಮೇಲೆಯೇ ರಸ್ತೆಗೆ ಇಳಿಸಿರಿ.